ಮೈಯ ಗಡಿಯಾರ ಮತ್ತು ರೋಗನಿರೋಧಕ ವ್ಯವಸ್ಥೆ: ಎರಡನ್ನೂ ಹೊಂದಿಸಿಕೊಳ್ಳುವ ಸಮಗ್ರ ಮಾರ್ಗದರ್ಶಿ

ಬೆಳಿಗ್ಗೆ ಬಿಟ್ಟಿದ್ದ ಜ್ವರ ಸಂಜೆ ದೀಪ ಹಚ್ಚುವ ಹೊತ್ತಿಗೆ ಮತ್ತೆ ಏರುತ್ತದೆ. ಉಬ್ಬಸದವರಿಗೆ ಬೆಳಗಿನ ಜಾವ ನಾಲ್ಕಕ್ಕೆ ಉಸಿರು ಕಟ್ಟುತ್ತದೆ. ಕೀಲುವಾತದವರಿಗೆ ಎದ್ದ ಕೂಡಲೇ ಕಾಫಿ ಲೋಟ ಹಿಡಿಯಲೂ ಆಗುವುದಿಲ್ಲ, ಹನ್ನೊಂದು ಗಂಟೆಗೆ ಅದೇ ಕೈ ಸಲೀಸಾಗಿ ರೊಟ್ಟಿ ತಟ್ಟುತ್ತದೆ. ಪಿತ್ತದ ಗಂಧೆ ಹಗಲೆಲ್ಲ ಸುಮ್ಮನಿದ್ದು ರಾತ್ರಿ ಮಲಗಿದ ಮೇಲೆ ತುರಿಸತೊಡಗುತ್ತದೆ. ಬೇರೆ ಬೇರೆಯಾಗಿ ಕಾಣುವ ಈ ನಾಲ್ಕರ ಹಿಂದೆಯೂ ಒಂದೇ ಗಡಿಯಾರ ಓಡುತ್ತಿರುತ್ತದೆ.

'ಇಮ್ಯೂನಿಟಿ ಹೆಚ್ಚಿಸುವ' ಪುಡಿ, ಕಷಾಯ, ಗುಳಿಗೆಗಳಿಗೆ ಈ ಬರಹದಲ್ಲಿ ಜಾಗವಿಲ್ಲ. ರೋಗನಿರೋಧಕ ವ್ಯವಸ್ಥೆ ಟ್ಯಾಂಕಿಗೆ ನೀರು ತುಂಬಿಸಿದ ಹಾಗೆ ತುಂಬಿಸಿಕೊಳ್ಳುವ ವಸ್ತುವಲ್ಲ. ಅತಿಯಾದರೆ ಅಲರ್ಜಿ, ಕೀಲುವಾತ, ಕಡಿಮೆಯಾದರೆ ಸೋಂಕು. ಅದಕ್ಕೆ ಬೇಕಾದದ್ದು ಹೊತ್ತಿಗೆ ಸರಿಯಾಗಿ ಏರುವುದು, ಹೊತ್ತಿಗೆ ಸರಿಯಾಗಿ ಇಳಿಯುವುದು. ಆ ಹೊತ್ತನ್ನು ಕಾಯುವ ಕೆಲಸ ಮಾತ್ರ ನಮ್ಮ ಕೈಯಲ್ಲಿದೆ.

ಗಡಿಯಾರ ಎಲ್ಲಿದೆ, ಏನು ಮಾಡುತ್ತದೆ

ಕಣ್ಣಿನ ನರಗಳು ಮಿದುಳಿನೊಳಗೆ ಅಡ್ಡಹಾಯುವ ಜಾಗದ ಮೇಲೆಯೇ, ಹೈಪೋಥಲಾಮಸ್‌ನಲ್ಲಿ, ಸುಮಾರು 20,000 ನರಕೋಶಗಳ ಒಂದು ಗುಂಪಿದೆ. ಇದು ಮುಖ್ಯ ಗಡಿಯಾರ. ಯಕೃತ್ತು, ಕರುಳು, ಶ್ವಾಸಕೋಶ, ಚರ್ಮ, ಕೊನೆಗೆ ಒಂದೊಂದು ಬಿಳಿ ರಕ್ತಕಣದಲ್ಲೂ ಮರಿ ಗಡಿಯಾರಗಳಿವೆ. ಕೆಲವು ಜೀನ್‌ಗಳು ಪ್ರೋಟೀನ್ ತಯಾರಿಸುತ್ತವೆ, ಆ ಪ್ರೋಟೀನ್ ಕೂಡಿಕೊಂಡು ತನ್ನ ಜೀನನ್ನೇ ತಡೆಯುತ್ತದೆ, ಕರಗಿದ ಮೇಲೆ ಮತ್ತೆ ಮೊದಲಿಂದ ಶುರು. ಈ ಸುತ್ತಿಗೆ ಸುಮಾರು 24 ಗಂಟೆ ಹಿಡಿಯುತ್ತದೆ. ಹಣ್ಣಿನ ನೊಣದಲ್ಲಿ ಈ ಚಕ್ರವನ್ನು ಬಿಡಿಸಿ ತೋರಿಸಿದ್ದಕ್ಕೆ ಜೆಫ್ರಿ ಹಾಲ್, ಮೈಕೇಲ್ ರೋಸ್‌ಬಾಶ್, ಮೈಕೇಲ್ ಯಂಗ್ ಅವರಿಗೆ 2017ರ ನೊಬೆಲ್ ಬಂತು. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲೂ ಇದೇ ನೊಣದ ಗಡಿಯಾರದ ಮೇಲೆ ವರ್ಷಗಟ್ಟಲೆ ಕೆಲಸ ನಡೆದಿದೆ.

ಮನುಷ್ಯನ ಗಡಿಯಾರ ಸರಾಸರಿ 24 ಗಂಟೆಗಿಂತ ಹತ್ತು ಹನ್ನೆರಡು ನಿಮಿಷ ನಿಧಾನ. ಹಾಗಾಗಿ ಅದನ್ನು ದಿನವೂ ತಿದ್ದಬೇಕು, ಇಲ್ಲದಿದ್ದರೆ ತಡವಾಗುತ್ತ ಹೋಗುತ್ತದೆ. ಮುಖ್ಯ ಗಡಿಯಾರವನ್ನು ತಿದ್ದುವುದು ಬೆಳಕು. ಯಕೃತ್ತು, ಕರುಳುಗಳ ಗಡಿಯಾರವನ್ನು ತಿದ್ದುವುದು ಹೆಚ್ಚಾಗಿ ಊಟ. ಬೆಳಕು ಒಂದು ಹೊತ್ತು ಹೇಳಿ ಊಟ ಇನ್ನೊಂದು ಹೊತ್ತು ಹೇಳಿದರೆ ಮನೆಯ ಗಡಿಯಾರಗಳೆಲ್ಲ ಒಂದೊಂದು ಸಮಯ ತೋರಿಸಿದ ಹಾಗಾಗುತ್ತದೆ.

ರೋಗನಿರೋಧಕ ಕೋಶಗಳ ದಿನಚರಿಯಂತೂ ಕಾರ್ಖಾನೆಯ ಶಿಫ್ಟ್ ಇದ್ದ ಹಾಗೆ. ಬೆಳಿಗ್ಗೆ ಏಳುವ ಹೊತ್ತಿಗೆ ಕಾರ್ಟಿಸಾಲ್ ಹಾರ್ಮೋನು ಉಚ್ಛ್ರಾಯದಲ್ಲಿರುತ್ತದೆ, ಮಧ್ಯರಾತ್ರಿಯ ಆಸುಪಾಸು ತಳ ಮುಟ್ಟಿರುತ್ತದೆ. ಕಾರ್ಟಿಸಾಲ್ ಏರಿದಾಗ, ಇನ್ನೂ ಯಾವ ರೋಗಾಣುವನ್ನೂ ಎದುರಿಸದ ಹೊಸ ಟಿ ಕೋಶಗಳು (ಒಂದು ಬಗೆಯ ಬಿಳಿ ರಕ್ತಕಣ) ರಕ್ತದಿಂದ ಸರಿದು ಮೂಳೆಮಜ್ಜೆಯಂಥ ಜಾಗಗಳಿಗೆ ಹೋಗುತ್ತವೆ. ರಾತ್ರಿ ಅದು ಇಳಿದಾಗ ಮತ್ತೆ ರಕ್ತಕ್ಕೆ ಬರುತ್ತವೆ. ಅವುಗಳ ಸಂಖ್ಯೆ ರಕ್ತದಲ್ಲಿ ಹೆಚ್ಚಿರುವುದು ರಾತ್ರಿ ಎರಡರ ಸುಮಾರಿಗೆ. ಕಂಡಲ್ಲೇ ಹೊಡೆಯುವ ಕೋಶಗಳು ಇದಕ್ಕೆ ತದ್ವಿರುದ್ಧವಾಗಿ ಹಗಲು ಹೆಚ್ಚು ತಿರುಗಾಡುತ್ತವೆ. ಗಾಯ, ಸೋಂಕು ಹೆಚ್ಚಾಗಿ ತಗಲುವುದು ಓಡಾಡುವಾಗ, ಆದ್ದರಿಂದ ಕಾವಲು ಹಗಲು. ಹೊಸ ಶತ್ರುವಿನ ಗುರುತು ಹಚ್ಚಿ ನೆನಪಿನಲ್ಲಿಡುವ ಕೆಲಸ ರಾತ್ರಿ, ಗಾಢ ನಿದ್ದೆಯಲ್ಲಿ. ಉರಿಯೂತ ಎಬ್ಬಿಸುವ ಇಂಟರ್‌ಲ್ಯೂಕಿನ್-6ರಂಥ ಸಂದೇಶವಾಹಕಗಳೂ ರಾತ್ರಿಯ ಉತ್ತರಾರ್ಧದಲ್ಲಿ ಏರುತ್ತವೆ. ಕೀಲುವಾತದವರ ಬೆಳಗಿನ ಬಿಗಿತದ ಗುಟ್ಟು ಇದೇ.

ಹೊತ್ತಿನ ವ್ಯತ್ಯಾಸ ಎಷ್ಟು ದೊಡ್ಡದು? ಈ ದೈನಿಕ ಲಯಕ್ಕೆ 'ಸರ್ಕೇಡಿಯನ್' ಎಂದು ಹೆಸರಿಟ್ಟ ಫ್ರಾನ್ಜ್ ಹಾಲ್‌ಬರ್ಗ್ 1960ರಲ್ಲಿ ಇಲಿಗಳಿಗೆ ಬ್ಯಾಕ್ಟೀರಿಯಾ ವಿಷವನ್ನು ಒಂದೇ ಪ್ರಮಾಣದಲ್ಲಿ, ಬೇರೆ ಬೇರೆ ಹೊತ್ತಿನಲ್ಲಿ ಕೊಟ್ಟು ನೋಡಿದರು. ಒಂದು ಹೊತ್ತಿನಲ್ಲಿ ಕೊಟ್ಟಾಗ ಬಹುಪಾಲು ಸತ್ತವು, ಇನ್ನೊಂದು ಹೊತ್ತಿನಲ್ಲಿ ಬಹುಪಾಲು ಬದುಕಿದವು. ಮನುಷ್ಯರ ಲೆಕ್ಕವೂ ಇದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನ 118 ಸುಟ್ಟಗಾಯದ ರೋಗಿಗಳ ದಾಖಲೆ ತೆಗೆದು ನೋಡಿದಾಗ, ಹಗಲು ಆದ ಗಾಯ ಸರಾಸರಿ 17 ದಿನಕ್ಕೆ ಮಾಗಿದ್ದರೆ ರಾತ್ರಿ ಆದದ್ದಕ್ಕೆ 28 ದಿನ ಬೇಕಾಗಿತ್ತು.

ಹೆಜ್ಜೆ 1: ಎರಡು ವಾರ ಬರೆದಿಡಿ

ಏನನ್ನೂ ಬದಲಾಯಿಸುವ ಮೊದಲು 14 ದಿನ ಒಂದು ನೋಟ್‌ಬುಕ್ಕಿನಲ್ಲಿ ಆರು ಮನೆ ಎಳೆದು ತುಂಬಿಸಿ: ದೀಪ ಆರಿಸಿದ ಹೊತ್ತು, ನಿದ್ದೆ ಹತ್ತಿದ ಅಂದಾಜು ಹೊತ್ತು, ಎದ್ದ ಹೊತ್ತು, ಮೊದಲ ತುತ್ತು, ಕೊನೆಯ ತುತ್ತು, ಕೊನೆಯ ಕಾಫಿ ಅಥವಾ ಚಹಾ. ಶೀತ, ಬಾಯಿಹುಣ್ಣು, ಉಬ್ಬಸ, ಗಂಧೆ, ಕೀಲುನೋವು ಕಂಡರೆ ಅಂಚಿನಲ್ಲಿ ಗಂಟೆ ಸಮೇತ ಗುರುತು ಹಾಕಿ. ಕೈಗೆ ಕಟ್ಟುವ ಸ್ಮಾರ್ಟ್‌ವಾಚ್ ಇದ್ದರೆ ಸರಿ, ಇಲ್ಲದಿದ್ದರೂ ನಷ್ಟವಿಲ್ಲ. ಅದು ತೋರಿಸುವ 'ಗಾಢ ನಿದ್ದೆ'ಯ ನಿಮಿಷಗಳನ್ನಂತೂ ತಲೆಗೆ ಹಚ್ಚಿಕೊಳ್ಳಬೇಡಿ, ಮಲಗಿದ-ಎದ್ದ ಹೊತ್ತಿಗೆ ಮಾತ್ರ ಅದನ್ನು ನಂಬಬಹುದು.

ಆಮೇಲೆ ಒಂದು ಸಣ್ಣ ಲೆಕ್ಕ. ಕೆಲಸದ ದಿನ ರಾತ್ರಿ 12ಕ್ಕೆ ಮಲಗಿ 6ಕ್ಕೆ ಏಳುತ್ತೀರಿ ಎಂದಿಟ್ಟುಕೊಳ್ಳಿ, ನಿದ್ದೆಯ ನಡುಬಿಂದು ಬೆಳಗಿನ 3. ಭಾನುವಾರ 1:30ಕ್ಕೆ ಮಲಗಿ 9:30ಕ್ಕೆ ಏಳುತ್ತೀರಿ, ನಡುಬಿಂದು 5:30. ವ್ಯತ್ಯಾಸ ಎರಡೂವರೆ ಗಂಟೆ. ಅಂದರೆ ಪ್ರತಿ ಶುಕ್ರವಾರ ರಾತ್ರಿ ಎರಡೂವರೆ ಗಂಟೆ ಪಶ್ಚಿಮಕ್ಕಿರುವ ದೇಶಕ್ಕೆ ಹಾರಿ ಸೋಮವಾರ ಬೆಳಿಗ್ಗೆ ವಾಪಸಾದಂತೆ, ಟಿಕೆಟ್ ಮಾತ್ರ ಇಲ್ಲ. ಈ ವ್ಯತ್ಯಾಸ ಒಂದು ಗಂಟೆಯೊಳಗೆ ಬರಬೇಕು. ಮುಂದಿನ ಹೆಜ್ಜೆಗಳೆಲ್ಲ ಇದಕ್ಕಾಗಿಯೇ.

ಹೆಜ್ಜೆ 2: ಏಳುವ ಹೊತ್ತನ್ನು ನೆಡಿ

ಎಲ್ಲರೂ ಎಡವುವುದು ಇಲ್ಲೇ. 'ಇವತ್ತಿನಿಂದ ಹತ್ತಕ್ಕೆ ಮಲಗುತ್ತೇನೆ' ಎಂದು ಶುರುಮಾಡುತ್ತಾರೆ, ನಿದ್ದೆ ಬರುವುದಿಲ್ಲ, ಮೂರನೇ ದಿನ ಕೈಬಿಡುತ್ತಾರೆ. ನಿದ್ದೆಯನ್ನು ಬಾ ಎಂದರೆ ಬರುವುದಿಲ್ಲ, ಆದರೆ ಏಳುವುದಕ್ಕೆ ಅಲಾರಂ ಇದೆ. ಏಳುವ ಹೊತ್ತು ಒಂದೇ ಇಟ್ಟು, ರಜಾದಿನವೂ ಅದರಿಂದ ಒಂದು ಗಂಟೆಗಿಂತ ಆಚೀಚೆ ಆಗದಂತೆ ನೋಡಿಕೊಂಡರೆ, ಹತ್ತು ಹದಿನೈದು ದಿನಗಳಲ್ಲಿ ಮಲಗುವ ಹೊತ್ತು ತಾನಾಗಿ ಹಿಂದೆ ಸರಿಯುತ್ತದೆ.

ಈಗ 8:30ಕ್ಕೆ ಏಳುವವರು ಒಮ್ಮೆಲೇ 6ಕ್ಕೆ ಅಲಾರಂ ಇಡಬೇಡಿ. ಎರಡು ಮೂರು ದಿನಕ್ಕೊಮ್ಮೆ 20ರಿಂದ 30 ನಿಮಿಷ ಹಿಂದಕ್ಕೆ ತನ್ನಿ. ಗಡಿಯಾರವನ್ನು ತಡಮಾಡುವುದು ಸುಲಭ, ಬೇಗಮಾಡುವುದು ಕಷ್ಟ. ಅದರ ಸ್ವಭಾವವೇ ನಿಧಾನದ್ದು.

ಹೆಜ್ಜೆ 3: ಬೆಳಗಿನ ಬೆಳಕು

ಕಣ್ಣಿನ ಪರದೆಯಲ್ಲಿ ನೋಡುವುದಕ್ಕೆ ಹೆಚ್ಚಾಗಿ ಬಳಕೆಯಾಗದ, ಹೊತ್ತು ಅಳೆಯುವುದಕ್ಕೆಂದೇ ಇರುವ ಕೋಶಗಳಿವೆ. ಅವು ಸುಮಾರು 480 ನ್ಯಾನೋಮೀಟರ್‌ನ ನೀಲಿ ಬೆಳಕಿಗೆ ಹೆಚ್ಚು ಸ್ಪಂದಿಸುತ್ತವೆ. ಮನೆಯೊಳಗಿನ ಟ್ಯೂಬ್‌ಲೈಟ್ ಬೆಳಕು ಸಾಮಾನ್ಯವಾಗಿ 100ರಿಂದ 300 ಲಕ್ಸ್ (ಬೆಳಕಿನ ಅಳತೆ). ಮೋಡ ಕವಿದ ದಿನವೂ ಹೊರಗೆ ಸಾವಿರಾರು ಲಕ್ಸ್ ಇರುತ್ತದೆ, ಬಿಸಿಲಿಗೆ ಒಂದು ಲಕ್ಷದವರೆಗೆ. ನಮ್ಮ ಕಣ್ಣು ಬೇಗ ಹೊಂದಿಕೊಳ್ಳುವುದರಿಂದ ಈ ಅಗಾಧ ಅಂತರ ನಮಗೆ ಗೊತ್ತೇ ಆಗುವುದಿಲ್ಲ.

ಎದ್ದ ಒಂದು ಗಂಟೆಯೊಳಗೆ ಹೊರಗೆ 20ರಿಂದ 30 ನಿಮಿಷ ಇರಿ. ಮಳೆಗಾಲದ ಮೋಡವಿದ್ದರೆ 40 ನಿಮಿಷ. ಸೂರ್ಯನನ್ನು ದಿಟ್ಟಿಸಬೇಕಿಲ್ಲ, ದಿಟ್ಟಿಸಲೂಬಾರದು. ಅಂಗಳ ಗುಡಿಸಿ ರಂಗೋಲಿ ಹಾಕುವುದು, ಹಾಲು ತರುವುದು, ಟೆರೇಸಿನ ಮೇಲೆ ಬಟ್ಟೆ ಹರವುವುದು ಎಲ್ಲ ಸಾಕು. ಕಿಟಕಿ ಗಾಜಿನ ಹಿಂದೆ ಕೂತರೆ ಬೆಳಕು ಬಹಳ ಕುಗ್ಗುತ್ತದೆ. ಕಿಟಕಿಯಿಂದ ಎರಡು ಮೀಟರ್ ಒಳಗೆ ಸರಿದರೆ ಇನ್ನೂ ಕಡಿಮೆ.

ಕರ್ನಾಟಕದಲ್ಲಿರುವವರಿಗೆ ನೆಪ ಹೇಳಲು ಜಾಗವಿಲ್ಲ. ಬೆಂಗಳೂರಿನಲ್ಲಿ ವರ್ಷವಿಡೀ ಸೂರ್ಯೋದಯ ಸುಮಾರು 5:50ರಿಂದ 6:50ರ ನಡುವೆಯೇ. ಲಂಡನ್ನಿನ ಕನ್ನಡಿಗರ ಕತೆ ಬೇರೆ. ಡಿಸೆಂಬರ್ ಕೊನೆಯಲ್ಲಿ ಅಲ್ಲಿ ಹಗಲೇ ಎಂಟು ಗಂಟೆಗಿಂತ ಕಡಿಮೆ, ಎದ್ದಾಗಲೂ ಕತ್ತಲೆ. ಅಂಥಲ್ಲಿ 10,000 ಲಕ್ಸ್‌ನ ಲೈಟ್ ಬಾಕ್ಸನ್ನು ತಿಂಡಿ ತಿನ್ನುವಾಗ ಪಕ್ಕದಲ್ಲಿ, ತಯಾರಕರು ಹೇಳಿದ ದೂರದಲ್ಲಿ 30 ನಿಮಿಷ ಇಟ್ಟುಕೊಳ್ಳಬಹುದು. ಕಣ್ಣಿನ ಪರದೆಯ ಕಾಯಿಲೆ ಅಥವಾ ಬೈಪೋಲಾರ್ ಸಮಸ್ಯೆ ಇರುವವರು ಮೊದಲು ವೈದ್ಯರನ್ನು ಕೇಳಬೇಕು.

ತಪ್ಪಾಗುವುದು ಎಲ್ಲಿ ಗೊತ್ತೇ? ಮೈಯ ಉಷ್ಣತೆ ತಳಮುಟ್ಟುವುದು ಮಾಮೂಲಿ ಏಳುವ ಹೊತ್ತಿಗೆ ಸುಮಾರು ಎರಡು ಗಂಟೆ ಮೊದಲು. ಆ ಬಿಂದುವಿನ ನಂತರ ಬಿದ್ದ ಬೆಳಕು ಗಡಿಯಾರವನ್ನು ಮುಂದಕ್ಕೆ ತಳ್ಳಿ ಬೇಗ ಮಾಡುತ್ತದೆ, ಮೊದಲು ಬಿದ್ದದ್ದು ಹಿಂದಕ್ಕೆ ಎಳೆದು ತಡಮಾಡುತ್ತದೆ. ರಾತ್ರಿ ಎರಡೂವರೆಗೆ ಬಾತ್‌ರೂಮಿಗೆ ಹೋಗಿ ಬಂದು ಅರ್ಧ ಗಂಟೆ ಫೋನ್ ನೋಡುವುದು ಗಡಿಯಾರಕ್ಕೆ 'ಇನ್ನೂ ಸಂಜೆ' ಎಂದು ಹೇಳಿದ ಹಾಗೆ.

ಹೆಜ್ಜೆ 4: ಸಂಜೆಯನ್ನು ಸಂಜೆಯಂತಿರಲು ಬಿಡಿ

ಮಲಗುವ ಮೂರು ಗಂಟೆ ಮೊದಲಿನಿಂದ ತಲೆಯ ಮೇಲಿನ ಬಿಳಿ ದೀಪ ಆರಿಸಿ, ಸೊಂಟದ ಮಟ್ಟಕ್ಕಿಂತ ಕೆಳಗಿರುವ ಹಳದಿ ದೀಪ ಹಚ್ಚಿ. ಬಲ್ಬ್ ಕೊಳ್ಳುವಾಗ ಡಬ್ಬಿಯ ಮೇಲೆ 2700 ಕೆ ಎಂದಿರುವುದು ಹಳದಿ, 6500 ಕೆ ಎಂದಿರುವುದು ನೀಲಿ ಬೆರೆತ ಬಿಳಿ. ಮಲಗುವ ಕೋಣೆಗೆ ಎರಡನೆಯದು ಬೇಡವೇ ಬೇಡ. ಫೋನಿನ 'ನೈಟ್ ಮೋಡ್' ಒಂದೇ ಸಾಲದು. ಬ್ರೈಟ್‌ನೆಸ್ ತಳಕ್ಕಿಳಿಸುವುದು, ಕಣ್ಣಿನಿಂದ ದೂರ ಹಿಡಿಯುವುದು ಹೆಚ್ಚು ಉಪಯೋಗಕ್ಕೆ ಬರುತ್ತದೆ. ಹಗಲೆಲ್ಲ ಹೊರಗೆ ಬೆಳಕಿನಲ್ಲಿದ್ದವರಿಗೆ ಸಂಜೆಯ ದೀಪ ಅಷ್ಟಾಗಿ ತೊಂದರೆ ಕೊಡುವುದಿಲ್ಲ. ಹಗಲು ಮಬ್ಬು ಆಫೀಸಿನಲ್ಲಿ ಕೂತವರಿಗೇ ಅದರ ಪೆಟ್ಟು ಜಾಸ್ತಿ.

ಹೆಜ್ಜೆ 5: ಊಟ, ಕಾಫಿ

ಮೊದಲ ತುತ್ತಿನಿಂದ ಕೊನೆಯ ತುತ್ತಿನವರೆಗೆ ದಿನವೂ ಹೆಚ್ಚುಕಡಿಮೆ ಅದೇ 11-12 ಗಂಟೆಯ ಕಿಂಡಿ ಇರಲಿ, ಕೊನೆಯ ಊಟ ಮಲಗುವ ಎರಡು ಮೂರು ಗಂಟೆ ಮೊದಲೇ ಮುಗಿಯಲಿ. ಮುದ್ದೆಯೋ ಚಪಾತಿಯೋ ಎಂಬುದಕ್ಕಿಂತ ಎಷ್ಟು ಹೊತ್ತಿಗೆ ಎಂಬುದು ಇಲ್ಲಿ ಮುಖ್ಯ. ಇನ್ಸುಲಿನ್ ಮೇಲಿರುವವರು, ಗರ್ಭಿಣಿಯರು ಈ ಕಿಂಡಿಯನ್ನು ತಾವಾಗಿ ಕಿರಿದು ಮಾಡಿಕೊಳ್ಳಬಾರದು.

ಕೆಫೀನ್ ಅರ್ಧಕ್ಕಿಳಿಯಲು ಸರಾಸರಿ ಐದು ಗಂಟೆ ಬೇಕು. ಸಂಜೆ 5ರ ಫಿಲ್ಟರ್ ಕಾಫಿಯ ಅರ್ಧ ರಾತ್ರಿ 10ಕ್ಕೂ ರಕ್ತದಲ್ಲೇ ಇರುತ್ತದೆ. 'ನನಗೆ ಕಾಫಿ ಕುಡಿದರೂ ನಿದ್ದೆ ಬರುತ್ತೆ' ಎನ್ನುವವರಿಗೂ ಗಾಢ ನಿದ್ದೆ ಕಡಿಮೆಯಾಗಿರುತ್ತದೆ, ಅದು ಅವರ ಗಮನಕ್ಕೆ ಬರುವುದಿಲ್ಲ ಅಷ್ಟೆ. ಮಧ್ಯಾಹ್ನ 2ರ ನಂತರ ಬೇಡ.

ಹೆಜ್ಜೆ 6: ನಿದ್ದೆಯ ಅಳತೆ

ದೊಡ್ಡವರಿಗೆ 7ರಿಂದ 9 ಗಂಟೆ, ಹದಿಹರೆಯದವರಿಗೆ 8ರಿಂದ 10. ಆರಕ್ಕಿಂತ ಕೆಳಗೆ ಹೋದರೆ ಏನಾಗುತ್ತದೆ ಎಂಬುದಕ್ಕೆ 2015ರಲ್ಲಿ ಪ್ರಕಟವಾದ ಒಂದು ಪ್ರಯೋಗ ಸಾಕು. 164 ಆರೋಗ್ಯವಂತರ ಮಣಿಕಟ್ಟಿಗೆ ಮಾಪಕ ಕಟ್ಟಿ ಒಂದು ವಾರ ನಿದ್ದೆ ಅಳೆದರು, ಆಮೇಲೆ ಮೂಗಿಗೆ ಶೀತದ ವೈರಸ್ಸಿನ ಹನಿ ಬಿಟ್ಟರು. ಏಳು ಗಂಟೆಗಿಂತ ಹೆಚ್ಚು ಮಲಗಿದವರಿಗೆ ಹೋಲಿಸಿದರೆ ಆರು ಗಂಟೆಗಿಂತ ಕಡಿಮೆ ಮಲಗಿದವರಿಗೆ ನೆಗಡಿ ಹಿಡಿಯುವ ಸಂಭವ ನಾಲ್ಕು ಪಟ್ಟು ಮೀರಿತ್ತು. ವೈರಸ್ಸು ಎಲ್ಲರಿಗೂ ಒಂದೇ.

ಲಸಿಕೆ ಹಾಕಿಸಿಕೊಳ್ಳುವ ವಾರ

ಲಸಿಕೆ ಎಂದರೆ ಹೊಸ ಶತ್ರುವಿನ ಚಹರೆ ತೋರಿಸುವುದು. ಆ ಚಹರೆ ನೆನಪಿನಲ್ಲಿ ಉಳಿಯುವ ಕೆಲಸ ಮುಂದಿನ ರಾತ್ರಿಗಳಲ್ಲಿ ಆಗುತ್ತದೆ. 2002ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ನಾಲ್ಕು ರಾತ್ರಿ ಬರೀ ನಾಲ್ಕು ಗಂಟೆ ಮಲಗಿಸಿ ಫ್ಲೂ ಲಸಿಕೆ ಕೊಟ್ಟ ಯುವಕರಲ್ಲಿ, ಹತ್ತು ದಿನಗಳ ನಂತರ ಪ್ರತಿಕಾಯಗಳು (ರೋಗಾಣುವನ್ನು ಹಿಡಿಯುವ ಪ್ರೋಟೀನ್‌ಗಳು) ಮಾಮೂಲಿ ಮಲಗಿದವರ ಅರ್ಧಕ್ಕಿಂತ ಕಡಿಮೆ ಇದ್ದವು. ನಂತರದ ವಾರಗಳಲ್ಲಿ ಆ ಅಂತರ ಮುಚ್ಚಿತು ಎನ್ನುವುದನ್ನೂ ಹೇಳಬೇಕು. ಇನ್ನೊಂದರಲ್ಲಿ ಹೆಪಟೈಟಿಸ್ ಎ ಲಸಿಕೆಯನ್ನು ಬೆಳಿಗ್ಗೆ ಕೊಟ್ಟು, ಅದೇ ರಾತ್ರಿ ಕೆಲವರನ್ನು ಮಲಗಲು ಬಿಟ್ಟರು, ಕೆಲವರನ್ನು ಎಚ್ಚರ ಇಟ್ಟರು. ನಾಲ್ಕು ವಾರದ ನಂತರ ಮಲಗಿದವರ ಪ್ರತಿಕಾಯ ಹೆಚ್ಚುಕಡಿಮೆ ಎರಡು ಪಟ್ಟಿತ್ತು. ಒಂದೇ ಒಂದು ರಾತ್ರಿಯ ವ್ಯತ್ಯಾಸ.

ಹೊತ್ತಿನ ವಿಷಯ: ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಸುತ್ತ 65 ದಾಟಿದ 276 ಮಂದಿಗೆ ಬೆಳಿಗ್ಗೆ 9ರಿಂದ 11ರೊಳಗೆ ಅಥವಾ ಮಧ್ಯಾಹ್ನ 3ರಿಂದ 5ರೊಳಗೆ ಫ್ಲೂ ಲಸಿಕೆ ಕೊಟ್ಟು ನೋಡಿದರು. ಲಸಿಕೆಯಲ್ಲಿದ್ದ ಮೂರು ವೈರಸ್ ತಳಿಗಳ ಪೈಕಿ ಎರಡಕ್ಕೆ ಬೆಳಗಿನವರ ಪ್ರತಿಕಾಯ ಹೆಚ್ಚು ಏರಿತ್ತು, ಒಂದಕ್ಕೆ ವ್ಯತ್ಯಾಸವಿರಲಿಲ್ಲ. ಕೋವಿಡ್ ಲಸಿಕೆಗಳಲ್ಲಿ ಫಲಿತಾಂಶ ಅತ್ತಿತ್ತ: ಒಂದು ಕಡೆ ಬೆಳಿಗ್ಗೆ ಮೇಲಾದರೆ ಮತ್ತೊಂದು ಕಡೆ ಮಧ್ಯಾಹ್ನ. ಆದ್ದರಿಂದ ಹೀಗೆ ಮಾಡಿ:

- ಲಸಿಕೆಗೆ ಮೊದಲ ಮೂರು ನಾಲ್ಕು ರಾತ್ರಿ, ನಂತರದ ಎರಡು ರಾತ್ರಿ ಕನಿಷ್ಠ 7 ಗಂಟೆ ನಿದ್ದೆ. ನೈಟ್ ಡ್ಯೂಟಿ ಮುಗಿಸಿ ನೇರ ಲಸಿಕೆ ಕೇಂದ್ರಕ್ಕೆ ಹೋಗಬೇಡಿ, ರಜೆಯ ಎರಡನೇ ದಿನ ಹೋಗಿ.
- ವಯಸ್ಸಾದವರ ಫ್ಲೂ ಲಸಿಕೆಗೆ ಆಯ್ಕೆ ಇದ್ದರೆ ಬೆಳಿಗ್ಗೆ. ಸಂಜೆ ಮಾತ್ರ ಸಿಕ್ಕರೆ ಸಂಜೆಯೇ. ಹೊತ್ತು ನೋಡುತ್ತ ಲಸಿಕೆ ತಪ್ಪಿಸಿಕೊಳ್ಳುವುದು ಶುದ್ಧ ದಡ್ಡತನ.
- ಜ್ವರ ಬಂದೀತೆಂದು ಮೊದಲೇ ಪ್ಯಾರಾಸಿಟಮಾಲ್ ನುಂಗಬೇಡಿ. ಬಂದರೆ ತೆಗೆದುಕೊಳ್ಳಿ.
- ನಾಯಿ ಕಚ್ಚಿದರೆ ಈ ಯಾವ ಲೆಕ್ಕವೂ ಇಲ್ಲ. ಸೋಪು, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ರಾತ್ರಿ ಎರಡಾಗಿದ್ದರೂ ಆಸ್ಪತ್ರೆಗೆ ಹೋಗಬೇಕು.

ಈಗಾಗಲೇ ಕಾಯಿಲೆ ಇದ್ದವರು

ಉಬ್ಬಸದವರು ಉಸಿರು ಎಷ್ಟು ಜೋರಾಗಿ ಹೊರಬರುತ್ತದೆ ಎಂದು ಅಳೆಯುವ ಪೀಕ್ ಫ್ಲೋ ಮೀಟರ್ ಎಂಬ ಸಣ್ಣ ಕೊಳವೆ ಕೊಳ್ಳಿ. ಎದ್ದ ಕೂಡಲೇ ಇನ್‌ಹೇಲರ್‌ಗೆ ಮೊದಲು ಮೂರು ಬಾರಿ ಊದಿ, ದೊಡ್ಡ ಸಂಖ್ಯೆ ಬರೆದುಕೊಳ್ಳಿ. ಸಂಜೆ ಮತ್ತೆ ಮೂರು ಬಾರಿ. ಬೆಳಿಗ್ಗೆ 320, ಸಂಜೆ 380 ಬಂತೆನ್ನಿ: ವ್ಯತ್ಯಾಸ 60, ಸರಾಸರಿ 350, ಭಾಗಿಸಿದರೆ ಶೇ. 17. ಎರಡು ವಾರದ ಸರಾಸರಿ ಶೇ. 10 ದಾಟಿದರೆ ದೊಡ್ಡವರಲ್ಲಿ ಅದು ಉಬ್ಬಸದ ಏರಿಳಿತವೇ; ಮಕ್ಕಳಲ್ಲಿ ಗೆರೆ ಶೇ. 13. ಕಳೆದ ನಾಲ್ಕು ವಾರದಲ್ಲಿ ಒಂದು ರಾತ್ರಿ ಉಬ್ಬಸದಿಂದ ಎಚ್ಚರವಾಗಿದ್ದರೂ ವೈದ್ಯರಿಗೆ ಹೇಳಬೇಕಾದ ವಿಷಯ. ಹಗಲು ಒಪಿಡಿಗೆ ಹೋದಾಗ ಎದೆ ತಿಳಿಯಾಗಿರುತ್ತದೆ, ಜಾವದ ಕಥೆ ಯಾರಿಗೂ ಕಾಣುವುದಿಲ್ಲ. ಈ ಚೀಟಿಯೇ ಸಾಕ್ಷಿ. ಮಾಂಟೆಲುಕಾಸ್ಟ್ ಗುಳಿಗೆಯನ್ನು ಉಬ್ಬಸಕ್ಕೆ ಸಂಜೆ ಬರೆಯುವುದೂ ಇದೇ ಕಾರಣಕ್ಕೆ.

ಪ್ರೆಡ್ನಿಸೋಲೋನ್‌ನಂಥ ಸ್ಟೀರಾಯ್ಡ್ ಗುಳಿಗೆಯನ್ನು ಸಾಮಾನ್ಯವಾಗಿ ಬೆಳಿಗ್ಗೆ ತಿಂಡಿಯ ಜೊತೆ ಕೊಡುತ್ತಾರೆ. ಮೈಯ ಸ್ವಂತ ಕಾರ್ಟಿಸಾಲ್ ಏರಿರುವ ಹೊತ್ತಿನಲ್ಲೇ ಹೊರಗಿನದು ಸೇರಿದರೆ ಕಾರ್ಟಿಸಾಲ್ ತಯಾರಿಸುವ ಅಡ್ರಿನಲ್ ಗ್ರಂಥಿ ಕೆಲಸ ನಿಲ್ಲಿಸಿ ಕೂರುವುದು ಕಡಿಮೆ. ರಾತ್ರಿ ನುಂಗಿದರೆ ನಿದ್ದೆಯೂ ಹೋಗುತ್ತದೆ. ಕೀಲುವಾತಕ್ಕೆ ಮಾತ್ರ ಒಂದು ಜಾಣ ಉಪಾಯ ಹೊರಬಂದಿದೆ. ರಾತ್ರಿ 10ಕ್ಕೆ ನುಂಗಿದರೆ ನಾಲ್ಕು ಗಂಟೆ ಸುಮ್ಮನಿದ್ದು, ಇಂಟರ್‌ಲ್ಯೂಕಿನ್-6 ಏರುವ ಹೊತ್ತಿಗೆ ಸರಿಯಾಗಿ ಬಿಚ್ಚಿಕೊಳ್ಳುವ ಗುಳಿಗೆ ಅದು. 2008ರಲ್ಲಿ ಪ್ರಕಟವಾದ, 288 ರೋಗಿಗಳ ಪರೀಕ್ಷೆಯಲ್ಲಿ ಅದೇ ಪ್ರಮಾಣದ ಮಾಮೂಲಿ ಗುಳಿಗೆಗಿಂತ ಇದು ಬೆಳಗಿನ ಬಿಗಿತವನ್ನು ಹೆಚ್ಚು ಇಳಿಸಿತು. ಹಾಗೆಂದು ಮನೆಯಲ್ಲಿರುವ ಮಾಮೂಲಿ ಗುಳಿಗೆಯನ್ನು ರಾತ್ರಿಗೆ ಬದಲಾಯಿಸಬೇಡಿ. ಸ್ಟೀರಾಯ್ಡನ್ನು ತಟ್ಟನೆ ನಿಲ್ಲಿಸುವುದು ಇನ್ನೂ ಅಪಾಯ.

ಜ್ವರ, ರಕ್ತಪರೀಕ್ಷೆ: ಗಂಟೆ ಬರೆದುಕೊಳ್ಳಿ

ಆರೋಗ್ಯವಂತರ ಉಷ್ಣತೆಯೂ ಬೆಳಿಗ್ಗೆ ಕಡಿಮೆ, ಸಂಜೆ 4ರಿಂದ 6ಕ್ಕೆ ಹೆಚ್ಚು. ಬಾಯಿಯಲ್ಲಿ ಅಳೆದಾಗ ಬೆಳಿಗ್ಗೆ 98.9 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ಜ್ವರ, ಸಂಜೆಗಾದರೆ 99.9 ದಾಟಬೇಕು. ಸಂಜೆಯ 99.4 ನೋಡಿ ಗಾಬರಿಯಾಗುವವರೂ, ಬೆಳಗಿನ 99.2 ನೋಡಿ 'ಜ್ವರ ಇಲ್ಲ' ಎನ್ನುವವರೂ ಒಂದೇ ತಪ್ಪು ಮಾಡುತ್ತಿದ್ದಾರೆ. ದಿನವೂ ಒಂದೇ ಎರಡು ಹೊತ್ತು, ಉದಾಹರಣೆಗೆ ಬೆಳಿಗ್ಗೆ 7 ಮತ್ತು ಸಂಜೆ 5, ಅಳೆಯಿರಿ. ಸಂಜೆ ಸಂಜೆ ಬರುವ ಜ್ವರದ ಜೊತೆ ಎರಡು ವಾರ ಮೀರಿದ ಕೆಮ್ಮು, ತೂಕ ಇಳಿಯುವುದು, ರಾತ್ರಿ ಬೆವರು ಇದ್ದರೆ ಕಫ ಪರೀಕ್ಷೆ ಮಾಡಿಸಲೇಬೇಕು.

ಬಿಳಿ ರಕ್ತಕಣಗಳ ಎಣಿಕೆಯನ್ನು ತಿಂಗಳು ತಿಂಗಳು ಹೋಲಿಸುವವರು ಪ್ರತಿ ಬಾರಿಯೂ ಒಂದೇ ಹೊತ್ತಿಗೆ ರಕ್ತ ಕೊಡಿ. ಕಾರ್ಟಿಸಾಲ್ ಪರೀಕ್ಷೆಗೆ ಬೆಳಿಗ್ಗೆ 8-9ರೊಳಗೆ; ನೈಟ್ ಡ್ಯೂಟಿಯಲ್ಲಿದ್ದರೆ ಅದನ್ನು ಲ್ಯಾಬಿನವರಿಗೆ ಹೇಳಿ.

ರೋಗಾಣುಗಳಿಗೂ ಹೊತ್ತಿನ ಅರಿವಿದೆ ಎನ್ನುವುದಕ್ಕೆ ಕಲಬುರಗಿ, ಯಾದಗಿರಿ, ಬೀದರ್ ಕಡೆಯವರಿಗೆ ಪರಿಚಯವಿರುವ ಸಾಕ್ಷಿ ಆನೆಕಾಲು ರೋಗದ ರಕ್ತಪರೀಕ್ಷೆ. ಆ ಹುಳುವಿನ ಮರಿಗಳು ರಕ್ತದಲ್ಲಿ ಕಾಣುವುದು ಕ್ಯೂಲೆಕ್ಸ್ ಸೊಳ್ಳೆ ಕಚ್ಚುವ ರಾತ್ರಿಯಲ್ಲೇ. ಅದಕ್ಕೇ ಆರೋಗ್ಯ ಸಿಬ್ಬಂದಿ ರಾತ್ರಿ ಹತ್ತರ ಮೇಲೆ ಬಾಗಿಲು ತಟ್ಟುವುದು. 1881ರಲ್ಲಿ ಲಂಡನ್ನಿನ ಸ್ಟೀಫನ್ ಮೆಕೆಂಜಿ ಎಂಬ ವೈದ್ಯ ಒಬ್ಬ ರೋಗಿಯನ್ನು ಹಗಲು ಮಲಗಿಸಿ ರಾತ್ರಿ ಎಚ್ಚರ ಇರಿಸಿದಾಗ ಮರಿಗಳೂ ಹೊತ್ತು ಬದಲಿಸಿ ಹಗಲಿಗೆ ಬಂದವು.

ನೈಟ್ ಶಿಫ್ಟ್

ಇಲ್ಲಿ ಸಲಹೆ ಕೊಡುವವರು ಹೆಚ್ಚಾಗಿ 'ರಾತ್ರಿ ಬೇಗ ಮಲಗಿ' ಎನ್ನುತ್ತಾರೆ, ವಾರ್ಡಿನಲ್ಲಿರುವ ನರ್ಸಿಗೆ ಅದರಿಂದ ಏನು ಬಂತು? ರಾತ್ರಿಪಾಳಿಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2007ರಿಂದಲೇ 'ಬಹುಶಃ ಕ್ಯಾನ್ಸರ್‌ಕಾರಕ' ಪಟ್ಟಿಯಲ್ಲಿಟ್ಟಿದೆ, 2019ರಲ್ಲಿ ಮತ್ತೆ ಪರಿಶೀಲಿಸಿ ಅಲ್ಲೇ ಉಳಿಸಿತು. ಕೆಲಸ ಬಿಡಲಾಗದವರು ನಷ್ಟ ಕಡಿಮೆ ಮಾಡಿಕೊಳ್ಳುವ ದಾರಿ ಹೀಗೆ.

*ಮೂರು ನಾಲ್ಕು ರಾತ್ರಿ ಮಾತ್ರ, 8ರಿಂದ 8.* ಇಷ್ಟು ಕಡಿಮೆ ದಿನಕ್ಕೆ ಗಡಿಯಾರವನ್ನು ಪೂರ್ತಿ ತಿರುಗಿಸುವ ಗೋಜಿಗೆ ಹೋಗಬೇಡಿ. ದಿನಕ್ಕೆ ಒಂದು ಗಂಟೆಯಷ್ಟೇ ಸರಿಯುವ ಗಡಿಯಾರ ತಿರುಗುವಷ್ಟರಲ್ಲಿ ಡ್ಯೂಟಿಯೇ ಮುಗಿದಿರುತ್ತದೆ.

ಮೊದಲ ರಾತ್ರಿಯ ಮಧ್ಯಾಹ್ನ 2:30ರಿಂದ 4ರವರೆಗೆ ಒಂದೂವರೆ ಗಂಟೆ ಮಲಗಿ. ಸಂಜೆ 7ಕ್ಕೆ ಹೊಟ್ಟೆತುಂಬ ಊಟ ಮಾಡಿ, ದಿನದ ದೊಡ್ಡ ಊಟ ಅದೇ. ಡ್ಯೂಟಿಯ ಮೊದಲರ್ಧ ಪ್ರಕಾಶವಾದ ದೀಪದಡಿ ಇರಿ, ಕಾಫಿ ಬೇಕಿದ್ದರೆ ರಾತ್ರಿ 1ರೊಳಗೆ ಮುಗಿಸಿ. 12ರಿಂದ 5ರ ನಡುವೆ ಭಾರಿ ಊಟ ಬೇಡ: ಮಜ್ಜಿಗೆ, ಒಂದು ಬೇಯಿಸಿದ ಮೊಟ್ಟೆ, ಒಂದು ಹಿಡಿ ಹುರಿದ ಕಡಲೆಕಾಯಿ ಇಷ್ಟೇ. ಆ ಹೊತ್ತಿನಲ್ಲಿ ಸಕ್ಕರೆ ನಿಭಾಯಿಸುವ ಶಕ್ತಿ ಮೈಗೆ ಕಡಿಮೆ. (ಬೆಳಗಿನ ಜಾವ ನಾಲ್ಕಕ್ಕೆ ಹೊಸಕೋಟೆಗೆ ಬಿರಿಯಾನಿಗೆಂದು ಹೋಗುವ ಬೆಂಗಳೂರಿನ ಹುಡುಗರು ಇದನ್ನು ಓದದಿದ್ದರೂ ನಡೆದೀತು, ತಿಂಗಳಿಗೊಮ್ಮೆಯಾದರೆ.) ಅನುಮತಿ ಇದ್ದರೆ 2-4ರ ನಡುವೆ 20 ನಿಮಿಷ ಕಣ್ಣು ಮುಚ್ಚಿ; ಎದ್ದ ಮೇಲೆ 15 ನಿಮಿಷ ಬಿಟ್ಟೇ ಇಂಜೆಕ್ಷನ್ ಕೈಗೆತ್ತಿಕೊಳ್ಳಿ, ಮಂಪರು ಹರಿಯಲು ಅಷ್ಟು ಬೇಕು. 4ರಿಂದ 5 ಅತಿ ಮಂದ ಹೊತ್ತು. ಡೋಸ್ ಲೆಕ್ಕವನ್ನು ಇನ್ನೊಬ್ಬರಿಗೆ ಓದಿ ಹೇಳಿ ಖಚಿತಪಡಿಸಿಕೊಳ್ಳಿ.

ಬೆಳಿಗ್ಗೆ ಬಸ್ಸಿನಲ್ಲಿ ಹೋಗುವವರು ಕಪ್ಪು ಕನ್ನಡಕ ಹಾಕಿಕೊಳ್ಳಿ, ಬೆಳಕು ನಿದ್ದೆಯನ್ನು ಓಡಿಸದಿರಲಿ. ಸ್ವತಃ ಸ್ಕೂಟರ್ ಓಡಿಸುವವರು ಹಾಕಬೇಡಿ. ತೂಕಡಿಕೆಯಲ್ಲಿ ಕತ್ತಲೆ ಸೇರಿಸಿಕೊಂಡಂತೆ. ಹೊರಡುವ ಮೊದಲೇ 15 ನಿಮಿಷ ಮಲಗಿ ಹೊರಡಿ. ಮನೆಗೆ ಬಂದು ಎರಡು ಇಡ್ಲಿಯಷ್ಟು ತಿಂದು 9:30ಕ್ಕೆ ಮಲಗಿ 2:30ರವರೆಗೆ, ಮತ್ತೆ ಸಂಜೆ 5ರಿಂದ 6:30ರವರೆಗೆ. ಒಟ್ಟು ಆರೂವರೆ ಗಂಟೆ; ಒಂದೇ ಸಲ ಬರದಿದ್ದರೆ ಹೀಗೆ ಎರಡು ಕಂತು. ಕೊನೆಯ ರಾತ್ರಿಯ ಮರುದಿನ ಮಾತ್ರ ಎರಡು ಗಂಟೆ ಮಲಗಿ, ಮಧ್ಯಾಹ್ನವಾಗುವುದರೊಳಗೆ ಎದ್ದು ಬಿಸಿಲಿಗೆ ಬಂದು, ರಾತ್ರಿ 10ಕ್ಕೆ ಮಲಗಿದರೆ ಹಳೆಯ ಲಯ ಬೇಗ ಸಿಗುತ್ತದೆ.

ಹಗಲು ಮಲಗುವ ಕೋಣೆಯ ಕಿಟಕಿಗೆ ಒಳಗಿನಿಂದ ಕಪ್ಪು ಚಾರ್ಟ್ ಪೇಪರ್ ಎರಡು ಪದರ ಅಂಟಿಸಿ, ಮೇಲೆ ದಪ್ಪ ಪರದೆ ಹಾಕಿ. ಪರದೆ ಚೌಕಟ್ಟಿಗಿಂತ ಎರಡೂ ಬದಿ ಒಂದು ಗೇಣು ಹೆಚ್ಚಿರಲಿ, ಬೆಳಕು ನುಸುಳುವುದು ಅಂಚಿನಿಂದಲೇ. ಬಾಗಿಲ ಕೆಳಗಿನ ಸಂದಿಗೆ ಹಳೆಯ ಟವೆಲ್. ಕೈ ಚಾಚಿದರೆ ಬೆರಳು ಕಾಣಬಾರದು, ಅಳತೆ ಅದೇ. ಶಬ್ದಕ್ಕೆ ಫ್ಯಾನು ಜೋರಾಗಿ ತಿರುಗಲಿ. ಮನೆಯವರಿಗೆ ಮಲಗುವ ಗಂಟೆ ಬರೆದು ಬಾಗಿಲಿಗೆ ಅಂಟಿಸಿ. ಕೊರಿಯರ್, ಗ್ಯಾಸ್ ಸಿಲಿಂಡರು, ಪಕ್ಕದ ಮನೆಯವರ ಕುಶಲ ಎಲ್ಲ 2:30ರ ಮೇಲೆ.

*ತಿಂಗಳುಗಟ್ಟಲೆ ಸಂಜೆ 6:30ರಿಂದ ಜಾವ 3:30ರ ಶಿಫ್ಟ್.* ಅಮೆರಿಕದ ಗ್ರಾಹಕರಿಗೆ ಕೆಲಸ ಮಾಡುವವರದ್ದು ಇದು. ಇವರು ತಡವಾದರೂ ಸ್ಥಿರವಾದ ಗಡಿಯಾರ ಕಟ್ಟಿಕೊಳ್ಳಬಹುದು: ದಿನವೂ ಜಾವ 4:30ರಿಂದ ಮಧ್ಯಾಹ್ನ 12ರವರೆಗೆ ನಿದ್ದೆ, ಎದ್ದು ಅರ್ಧ ಗಂಟೆ ಬಿಸಿಲು, 12:30ಕ್ಕೆ 'ಬೆಳಗಿನ' ತಿಂಡಿ. ರಜಾದಿನ ಎರಡು ಗಂಟೆಗಿಂತ ಹಿಂದೆ ಸರಿಯಬೇಡಿ. ಶನಿವಾರ ಬೆಳಿಗ್ಗೆ 6ಕ್ಕೆ ಎದ್ದು ಮದುವೆಗೆ ಹೋಗಿ ಬಂದರೆ ಆ ವಾರದ ಲೆಕ್ಕ ಕೆಡುತ್ತದೆ. ಹೋಗಲೇಬೇಕಿದ್ದರೆ ಮುಹೂರ್ತ ಬಿಟ್ಟು ಊಟಕ್ಕೆ ಹೋಗಿ.

*ಪಾಳಿ ತಿರುಗುವ ಕಾರ್ಖಾನೆಗಳು.* ಫಸ್ಟ್, ಸೆಕೆಂಡ್, ನೈಟ್ ಈ ಕ್ರಮದಲ್ಲಿ ಮುಂದೆ ಮುಂದೆ ತಿರುಗಿದರೆ ಮೈಗೆ ಸಲೀಸು. ನೈಟ್‌ನಿಂದ ಸೆಕೆಂಡ್, ಅಲ್ಲಿಂದ ಫಸ್ಟ್ ಎಂದು ಹಿಂದಕ್ಕೆ ತಿರುಗಿಸಿದರೆ ನಿಧಾನದ ಗಡಿಯಾರವನ್ನು ಜಗ್ಗಿದಂತೆ. ಪಾಳಿಪಟ್ಟಿ ಹಾಕುವವರ ಬಳಿ ಕೇಳಬೇಕಾದ ಮೊದಲ ಮಾತು ಇದು, ಇದಕ್ಕೆ ಖರ್ಚೂ ಇಲ್ಲ.

*ರಾತ್ರಿ ತ್ರೀ ಫೇಸ್ ಕರೆಂಟು ಬಂದಾಗ ಪಂಪ್‌ಸೆಟ್ ಹಾಕಲು ಏಳುವ ರೈತರು.* ಸಾಧ್ಯವಿದ್ದರೆ ಮೊಬೈಲಿನಿಂದ ಮೋಟಾರು ಚಾಲೂ ಮಾಡುವ ಸ್ಟಾರ್ಟರ್ ಹಾಕಿಸಿ. ಹೋಗಲೇಬೇಕಾದರೆ ದಾರಿಗೆ ಟಾರ್ಚ್ ಇರಲಿ, ಹಾವಿನ ಭಯದ ಮುಂದೆ ಗಡಿಯಾರದ ಭಯ ದೊಡ್ಡದಲ್ಲ. ಆದರೆ ಬಂದ ಮೇಲೆ ಟಿವಿ, ಫೋನ್ ಬೇಡ. ಬೆಳಿಗ್ಗೆ ಮಾಮೂಲಿಗಿಂತ ಒಂದು ಗಂಟೆ ತಡವಾಗಿ ಎದ್ದರೆ ಸಾಕು, ಉಳಿದ ಸಾಲವನ್ನು ಮಧ್ಯಾಹ್ನ 3ರೊಳಗೆ ಅರ್ಧ ಗಂಟೆ ಮಲಗಿ ತೀರಿಸಿ.

ಮೆಲಟೋನಿನ್ ಗುಳಿಗೆ ಬೇಕೇ?

ಅದು ನಿದ್ದೆ ಗುಳಿಗೆಯಲ್ಲ, ಕತ್ತಲಾಯಿತು ಎಂದು ಹೇಳುವ ಸಂಕೇತ. ಗಡಿಯಾರವನ್ನು ಬೇಗ ಮಾಡಲು ಅರ್ಧ ಮಿಲಿಗ್ರಾಂ ಕೂಡ ಸಾಕಾಗಬಹುದು, ಆದರೆ ಅಂಗಡಿಯಲ್ಲಿ ಸಿಗುವುದು ಹೆಚ್ಚಾಗಿ 3 ಅಥವಾ 5. ಹೆಚ್ಚು ನುಂಗಿದರೆ ಹೆಚ್ಚು ಫಲವಿಲ್ಲ, ಬೆಳಿಗ್ಗೆ ತಲೆ ಭಾರ. ರೋಗನಿರೋಧಕ ಕೋಶಗಳ ಮೇಲೂ ಮೆಲಟೋನಿನ್‌ಗೆ ಹಿಡಿತವಿರುವುದರಿಂದ ಕೀಲುವಾತ, ಲೂಪಸ್‌ನಂಥ ಕಾಯಿಲೆ ಇದ್ದವರು, ಅಂಗ ಕಸಿ ಮಾಡಿಸಿಕೊಂಡವರು ವೈದ್ಯರನ್ನು ಕೇಳದೆ ಮುಟ್ಟಬಾರದು.

ನಾಲ್ಕು ವಾರದ ನಂತರ

ನೋಟ್‌ಬುಕ್ಕನ್ನು ಮತ್ತೆ 14 ದಿನ ತುಂಬಿಸಿ, ನಡುಬಿಂದುವಿನ ವ್ಯತ್ಯಾಸ ಲೆಕ್ಕ ಹಾಕಿ. ಅದು ಒಂದು ಗಂಟೆಯೊಳಗೆ ಬಂದು, ಏಳು ಗಂಟೆ ಮಲಗಿಯೂ ಹಗಲು ತೂಕಡಿಕೆ ಹೋಗದಿದ್ದರೆ ದೋಷ ಗಡಿಯಾರದ್ದಲ್ಲ. ಜೋರಾದ ಗೊರಕೆ, ನಡುವೆ ಉಸಿರು ನಿಂತು ಗಕ್ಕನೆ ಎಚ್ಚರವಾಗುವುದು ಇದೆಯೇ ಎಂದು ಪಕ್ಕದಲ್ಲಿ ಮಲಗುವವರನ್ನು ಕೇಳಿ. ಇದ್ದರೆ ನಿದ್ರಾ ಪರೀಕ್ಷೆ ಬೇಕು. ಗೊರಕೆ ಇಲ್ಲದಿದ್ದರೆ ಹಿಮೋಗ್ಲೋಬಿನ್, ಥೈರಾಯ್ಡ್, ಸಕ್ಕರೆ ಮೊದಲು ನೋಡಿಸಿ, ರಕ್ತ ಕೊಟ್ಟ ಗಂಟೆಯನ್ನು ರಿಪೋರ್ಟಿನ ಮೂಲೆಯಲ್ಲಿ ಬರೆದಿಡಿ.